ಒಬ್ಬ ಆಳಿನ ಭಾರ

ನಾಲ್ಕನೆಯ ಸಲ ಗದ್ದ ಸರಳಿನ ಮೇಲಕ್ಕೆ ಬಂತೋ ಇಲ್ಲವೋ ಶಿವಮೂರ್ತಪ್ಪನಿಗೇ ಖಾತ್ರಿಯಾಗಲಿಲ್ಲ. ಮೂಗಂತೂ ದಾಟಿತ್ತು. ಮೂಗು ದಾಟಿದ್ದನ್ನು ಒಂದು ಎಂದು ಎಣಿಸಬಹುದೇ ಎಂದು ಜೋತುಬಿದ್ದುಕೊಂಡೇ ಯೋಚಿಸಿದ. ಹದಿನಾರು ವರ್ಷದಿಂದ ಅಜ್ಜಂಪುರದ ಹೈಸ್ಕೂಲಿನ ಬಯಲಿನಲ್ಲಿ ಪೀಪಿ ಕಚ್ಚಿಕೊಂಡು ನಿಂತ ಡ್ರಿಲ್ ಮೇಷ್ಟ್ರು ಅವನು. ಮೂಗು ದಾಟಿಸಿದ ಯಾವ ಹುಡುಗನಿಗೂ ಒಂದು ಕೊಟ್ಟವನಲ್ಲ. "ಗದ್ದ ಕಣೋ, ಗದ್ದ! ಮೂಗು ನೆಗಡಿಗೆ ಇಟ್ಕೋ" ಎಂದು ಕೂಗಿ ಸಾಲಿನಲ್ಲಿದ್ದವರನ್ನೆಲ್ಲ ನಗಿಸುತ್ತಿದ್ದ. ಆ ನಗುವಿಗೆ ಕೈ ಸಡಿಲಿ ಹುಡುಗ ದೊಪ್ಪನೆ ಮರಳಿಗೆ ಬೀಳುತ್ತಿದ್ದ, ಚಡ್ಡಿ ಕೊಡವಿಕೊಂಡು ತಾನೂ ನಕ್ಕಂತೆ ನಟಿಸುತ್ತಿದ್ದ. ಹಾಗೆ ಮಾಡಿದವರ ಮುಖಗಳು ಈಗ ಒಂದೊಂದಾಗಿ ಬರುತ್ತಿದ್ದವು, ಹೆಸರುಗಳು ಮಾತ್ರ ಬರುತ್ತಿರಲಿಲ್ಲ. ಐದನೆಯ ಸಲಕ್ಕೆ ಮೊಣಕೈ ಮಡಿಸಿದ. ತೋಳು ನಡುಗಿ, ಕುತ್ತಿಗೆಯ ನರ ಉಬ್ಬಿ, ಮೈ ಅರ್ಧಕ್ಕೆ ಏರಿ ನಿಂತುಬಿಟ್ಟಿತು. ಇಳಿದ. ಅಂಗೈಯ ಗುಳ್ಳೆಗಳಲ್ಲಿ ಒಂದು ಒಡೆದು ಉರಿಯುತ್ತಿತ್ತು. ಕೋಣೆಯೊಳಗೆ ಮಂಚದ ಮೇಲೆ ಅಪ್ಪ ಎಚ್ಚರವಾಗಿದ್ದ. ಒಂದು ಕಣ್ಣು ಪೂರ್ತಿ ತೆರೆದು, ಲಕ್ವ ಹೊಡೆದ ಕಡೆಯ ಕಣ್ಣನ್ನು ಅರೆ ಮುಚ್ಚಿ ನೋಡುತ್ತಿದ್ದ. ಮಗನನ್ನಲ್ಲ, ಬಾಗಿಲಿಗೆ ಅಡ್ಡ ಹಾಕಿದ ಸರಳನ್ನು.

ಕಡೂರಿನಲ್ಲಿ ಪರೀಕ್ಷೆ ಇವತ್ತೇ. ಚೀನಾದ ಗಲಾಟೆಯಾದ ಮೇಲೆ ಸರ್ಕಾರಕ್ಕೆ ಇದ್ದಕ್ಕಿದ್ದಂತೆ ಎಲ್ಲರ ಮೈಕಟ್ಟಿನ ಮೇಲೆ ಕಣ್ಣು ಬಿದ್ದಿತ್ತು. ಮಕ್ಕಳಿಗೆ ಕಲಿಸುವ ಡ್ರಿಲ್ ಮೇಷ್ಟ್ರುಗಳು ಮೊದಲು ತಾವು ಮಾಡಿ ತೋರಿಸಲಿ ಎಂದು ಸುತ್ತೋಲೆ ಬಂತು: ನೂರು ಗಜ ಓಟ, ಸಿಂಗಲ್ ಬಾರಿನಲ್ಲಿ ಐದು ಸಲ ಗದ್ದ ದಾಟಿಸುವುದು. ಆಗದಿದ್ದವರನ್ನು ಹಳ್ಳಿಯ ಪ್ರೈಮರಿ ಸ್ಕೂಲಿಗೆ ಸಹಾಯಕ ಮೇಷ್ಟ್ರಾಗಿ ಇಳಿಸಲಾಗುವುದು. ಹೆಡ್ಮಾಸ್ತರರು ಸುತ್ತೋಲೆಯನ್ನು ಓದಿ, "ನಿಮಗೇನ್ರೀ, ಪೈಲ್ವಾನ್ ನಂಜುಂಡಪ್ಪನವರ ಮಗ" ಎಂದು ನಕ್ಕು ಕೈಗೆ ಕೊಟ್ಟಿದ್ದರು. ಆ ಮಾತಿನಿಂದಲೇ ಅವನಿಗೆ ಕೆಲಸ ಸಿಕ್ಕಿದ್ದು. ಅಪ್ಪನ ತೊಡೆ ನೋಡಿದ್ದವರು ಮಗನ ತೋಳು ನೋಡುವ ಗೋಜಿಗೆ ಹೋಗಿರಲಿಲ್ಲ. ಆರಡಿ ಎತ್ತರದ, ಬಾಗಿಲು ತುಂಬುವ ಅಪ್ಪನಿಗೆ ಹುಟ್ಟಿದ ಐದಡಿ ಮೂರಂಗುಲದ ಮಗ. ಹತ್ತು ವರ್ಷದವನಿದ್ದಾಗ ಅಪ್ಪ ಅವನನ್ನು ಗರಡಿಮನೆಗೆ ಕರೆದುಕೊಂಡು ಹೋಗಿ ಕೆಮ್ಮಣ್ಣಿನ ಮೇಲೆ ನಿಲ್ಲಿಸಿ ಭುಜ ಒತ್ತಿ ನೋಡಿದ್ದ. ಮೊಣಕಾಲು ಮಡಿಸಿ ಕುಸಿದಿದ್ದವನನ್ನು ಅಲ್ಲೇ ಬಿಟ್ಟು, "ಛೇ, ಇದು ಅವರಮ್ಮನ ಕಡೇದು" ಎಂದು ಉಸ್ತಾದರಿಗೆ ಹೇಳಿ ಕೈ ಒರೆಸಿಕೊಂಡಿದ್ದ. ಅಂದಿನಿಂದ ಅಪ್ಪನ ಬಾಯಲ್ಲಿ ಅವನು 'ಇದು'. ಇದು ಉಂಡಿತಾ, ಇದಕ್ಕೆ ಹೆಣ್ಣು ನೋಡಬೇಕು, ಇದಕ್ಕೆ ಕೆಲಸ ಆಯ್ತಂತೆ.

ಸುತ್ತೋಲೆ ಬಂದ ಭಾನುವಾರ ಬೆಳಗಿನ ಜಾವ ಸ್ಕೂಲಿನ ಬಯಲಿಗೆ ಹೋಗಿ, ಸುತ್ತಮುತ್ತ ಯಾರೂ ಇಲ್ಲವೆಂದು ನೋಡಿಕೊಂಡು, ಬಾರಿಗೆ ಜೋತುಬಿದ್ದಿದ್ದ. ಮೊಣಕೈ ಒಂದು ಅಂಗುಲವೂ ಮಡಿಸಲಾಗಲಿಲ್ಲ. ಗಾಳಿಗೆ ಸುಮ್ಮನೆ ತೂಗಾಡಿದ. ಅಷ್ಟರಲ್ಲಿ ಎಮ್ಮೆ ಹೊಡೆದುಕೊಂಡು ಬಂದ ದೊಡ್ಡಬೀರಪ್ಪ, "ಏನ್ ಮೇಷ್ಟ್ರೇ, ಒಣಗಾಕ್ಕಂಡಿದೀರಾ?" ಎಂದ. ಕುಚೋದ್ಯವೇನಲ್ಲ, ಸುಮ್ಮನೆ ಕೇಳಿದ್ದ. ಆದರೂ ಶಿವಮೂರ್ತಪ್ಪನಿಗೆ ಮನೆಗೆ ಬರುವವರೆಗೂ ಕಿವಿ ಬಿಸಿಯಾಗಿತ್ತು. ಬಯಲಿನಲ್ಲಿ ಆಗುವ ಕೆಲಸ ಇದಲ್ಲ, ಮನೆಯೊಳಗೇ ಒಂದು ಸರಳು ಹಾಕಿಸಬೇಕು, ಯಾರಿಗೂ ಹೇಳಬಾರದು ಎಂದು ಅವತ್ತೇ ತೀರ್ಮಾನಿಸಿದ. ಹೆಂಡತಿ ತೀರ್ಥಮ್ಮನಿಗೂ ಹೇಳಲಿಲ್ಲ. ಬೆನ್ನು ನೋವಿಗೆ ಜೋತುಬೀಳಬೇಕಂತೆ, ಡಾಕ್ಟರು ಹೇಳಿದ್ದಾರೆ ಎಂದ. ಅವಳು ಅವನ ಮುಖವನ್ನು ಅಗತ್ಯಕ್ಕಿಂತ ಹೆಚ್ಚು ಹೊತ್ತು ನೋಡಿ, "ಹೂಂ" ಎಂದು ಒಳಗೆ ಹೋದಳು.

ಯಾವ ಬಾಗಿಲಿಗೆ ಎಂಬುದೇ ದೊಡ್ಡ ತಲೆನೋವಾಯಿತು. ತಲೆಬಾಗಿಲು ಸಾಧ್ಯವಿಲ್ಲ, ಹೊಸ್ತಿಲು ತೊಳೆದು ಅರಿಶಿನ ಕುಂಕುಮ ಇಡುವ ಜಾಗದಲ್ಲಿ ಗಂಡಸು ಬರಿಮೈಯಲ್ಲಿ ನೇತಾಡುವುದನ್ನು ಬೀದಿಯವರು ನೋಡಬೇಕೆ. ಅಡಿಗೆಮನೆಯ ಬಾಗಿಲವಾಡಕ್ಕೆ ಗೆದ್ದಲು ಹಿಡಿದು, ಬೆರಳಿಟ್ಟರೆ ಪುಡಿ ಉದುರುತ್ತಿತ್ತು. ಬಚ್ಚಲಿನದು ತೀರಾ ಗಿಡ್ಡ, ಅವನಂಥವನೂ ಬಗ್ಗಿ ಹೋಗಬೇಕು. ಉಳಿದದ್ದು ಅಪ್ಪನ ಕೋಣೆಯದು. ಹೊನ್ನೆ ಮರದ ದಪ್ಪ ಚೌಕಟ್ಟು. ತಾನು ತಲೆ ತಗ್ಗಿಸದೆ ಒಳಗೆ ಹೋಗಬೇಕೆಂದು ಅಪ್ಪ ಪ್ರಾಯದಲ್ಲಿ ಬಡಗಿಯನ್ನು ಎದುರಿಗೆ ಕೂರಿಸಿಕೊಂಡು ಎತ್ತರವಾಗಿ ಮಾಡಿಸಿದ್ದು. ಈಗ ಎರಡು ವರ್ಷದಿಂದ ಆ ಬಾಗಿಲಲ್ಲಿ ಅಪ್ಪ ನಡೆದುಕೊಂಡು ಬಂದಿಲ್ಲ. ಎಡಗಡೆಯ ಕೈ ಕಾಲು ಬಿದ್ದುಹೋಗಿ, ಮಾತು ದಪ್ಪಗಾಗಿ, ಮಂಚದ ಮೇಲೆಯೇ ಎಲ್ಲ. ಅಪ್ಪನ ಕಣ್ಣೆದುರಿಗೇ ತನ್ನ ತೋಳಿನ ಯೋಗ್ಯತೆ ಬಯಲಾಗುತ್ತದಲ್ಲ ಎಂದು ಒಂದು ವಾರ ಹಿಂದೆ ಮುಂದೆ ನೋಡಿದ. ಕೊನೆಗೆ, ಈ ಸ್ಥಿತಿಯಲ್ಲಿ ಮುದುಕನಿಗೆ ಏನು ತಿಳಿಯುತ್ತದೆ ಎಂದು ಸಮಾಧಾನ ಮಾಡಿಕೊಂಡ. ಹಾಗೆ ಅಂದುಕೊಂಡದ್ದಕ್ಕೆ ನಾಚಿಕೆಯೂ ಆಯಿತು, ಹಾಯೆನಿಸಿದ್ದೂ ನಿಜ.

ಸರಳು ತಂದದ್ದು ತರೀಕೆರೆಯಿಂದ. ಅಜ್ಜಂಪುರದ ಅಂಗಡಿಯಲ್ಲಿ ಕೊಂಡರೆ ಸಂಜೆಯೊಳಗೆ ಊರಿಗೆಲ್ಲ ಗೊತ್ತಾಗುತ್ತಿತ್ತು. ಬಿದಿರು ಬಾಗುತ್ತದೆ; ಹಾರೆಯನ್ನೇ ಅಡ್ಡ ಇಡೋಣವೆಂದರೆ ಒಂದು ತುದಿ ಚಪ್ಪಟೆ, ಹಿಡಿಯುವ ಕಡೆ ಉರುಳುತ್ತದೆ. ತರೀಕೆರೆಯ ಕಬ್ಬಿಣದ ಅಂಗಡಿಯವನು ಪರದೆ ಕಟ್ಟುವುದಕ್ಕೆ ಎಂದುಕೊಂಡು ಕಿರುಬೆರಳಿನಷ್ಟು ಸಣ್ಣವನ್ನು ಮುಂದಿಟ್ಟ. "ಇನ್ನೂ ದಪ್ಪ" ಎಂದ ಶಿವಮೂರ್ತಪ್ಪ. ಅಂಗಡಿಯವನು ಬೆನ್ನು ತಿರುಗಿಸಿದಾಗ ಒಂದೊಂದನ್ನೇ ಮುಷ್ಟಿಯಲ್ಲಿ ಹಿಡಿದು ನೋಡಿದ. ಮುಕ್ಕಾಲು ಅಂಗುಲದ್ದು ಅಂಗೈಗೆ ಕೊರೆಯಿತು. ಒಂದೂವರೆ ಅಂಗುಲದ ಕೊಳವೆಯ ಸುತ್ತ ಬೆರಳು ಕೂಡಲೇ ಇಲ್ಲ. ಅಪ್ಪನ ಕೈಗಾದರೆ ಅದು ಸರಿಹೋಗುತ್ತಿತ್ತೇನೋ. ಒಂದಂಗುಲದ ಸರಳಿನಲ್ಲಿ ಹೆಬ್ಬೆರಳು ತೋರುಬೆರಳನ್ನು ಮುಟ್ಟಿತು. ಅದನ್ನೇ ಗೋಣಿಯಲ್ಲಿ ಸುತ್ತಿಸಿಕೊಂಡು ಬಸ್ಸಿನಲ್ಲಿ ಕಾಲ ಸಂದಿಗೆ ಇಟ್ಟುಕೊಂಡು ಕುಳಿತ. ಕದ್ದು ತರುವವನಂತೆ ದಾರಿಯುದ್ದಕ್ಕೂ ಕಾಲಿನಿಂದ ಮುಚ್ಚಿಕೊಂಡೇ ಬಂದ.

ಕೂರಿಸಲು ಬಂದ ಬಡಗಿ ಹನುಮಂತಪ್ಪ ಚೌಕಟ್ಟನ್ನು ಬೆರಳಿನಿಂದ ಕುಟ್ಟಿ ನೋಡಿ, "ಎಷ್ಟು ಭಾರ ತಡೀಬೇಕು?" ಎಂದು ಕೇಳಿದ್ದ. ಶಿವಮೂರ್ತಪ್ಪ ಅಕ್ಕಪಕ್ಕ ನೋಡಿ, "ಒಬ್ಬ ಆಳಿನ ಭಾರ" ಎಂದ. ಹನುಮಂತಪ್ಪ ಕೋಣೆಯೊಳಗೆ ಮಂಚದ ಕಡೆಗೊಮ್ಮೆ ನೋಡಿ, ಇನ್ನೇನೂ ಕೇಳದೆ, ಮೆತ್ತಗೆ ಕೆಲಸ ಮಾಡಿ ಮುಗಿಸಿದ. ಮೊದಲ ದಿನ ಸರಳು ಚೌಕಟ್ಟಿನ ಮೇಲ್ಪಟ್ಟಿಗೆ ತೀರ ಹತ್ತಿರವಾಗಿತ್ತು. ಮೈ ಎಳೆದುಕೊಂಡು ಮೇಲೆ ಬರುವಷ್ಟರಲ್ಲಿ ನೆತ್ತಿ ಮರಕ್ಕೆ ಬಡಿಯುತ್ತಿತ್ತು. ಮತ್ತೆ ಕರೆಸಿ ಒಂದು ಗೇಣು ಕೆಳಗೆ ಇಳಿಸಲು ಹೇಳಿದಾಗ ಹನುಮಂತಪ್ಪ ತಲೆಯಾಡಿಸಿ, "ಹೌದೌದು, ಕೂತ್ರೆ ಇದೇ ಎತ್ರ ಸರಿ" ಎಂದ. ಕೂರುವ ಮಾತೆಲ್ಲಿ ಬಂತು ಎಂದು ಶಿವಮೂರ್ತಪ್ಪ ಕೇಳಲಿಲ್ಲ. ಈಗ ಜೋತುಬಿದ್ದರೆ ಕಾಲು ನೆಲ ಮುಟ್ಟುತ್ತದೆ, ಆದ್ದರಿಂದ ಮೊಣಕಾಲನ್ನು ಹಿಂದಕ್ಕೆ ಮಡಿಸಿಕೊಂಡೇ ಎಳೆಯಬೇಕು. ನಲವತ್ತು ದಿನ ಹಾಗೆ ಎಳೆದಿದ್ದ. ಹದಿನೈದನೆಯ ದಿನ ಒಂದು ಸಲ ಗದ್ದ ದಾಟಿದಾಗ ಯಾರಿಗಾದರೂ ಹೇಳಬೇಕು ಎನಿಸಿ ಗಂಟಲವರೆಗೆ ಬಂದಿತ್ತು. ಎದುರಿಗೆ ಅಪ್ಪನೊಬ್ಬನೇ ಇದ್ದ. ಕಳೆದ ಶುಕ್ರವಾರ ಎಳೆಯುತ್ತಿದ್ದಾಗ ಒಂದು ಕಡೆಯ ತಿರುಪು ಕಿತ್ತು ಸರಳಿನ ಸಮೇತ ನೆಲಕ್ಕೆ ಬಿದ್ದ. ಸೊಂಟಕ್ಕೆ ಪೆಟ್ಟಾಯಿತು. ಅದಕ್ಕಿಂತ ಹೆಚ್ಚಾಗಿ, ಮಂಚದ ಮೇಲಿಂದ ಬಂದ "ಛೇ" ಎಂಬ ಶಬ್ದ ತಾಗಿತು. ಮೂವತ್ತು ವರ್ಷದ ಹಿಂದಿನ ಅದೇ ಛೇ. ಅವತ್ತೇ ಹನುಮಂತಪ್ಪನನ್ನು ಕರೆಸಿ ಚೌಕಟ್ಟಿನ ಆಚೆಗೂ ದಾಟುವ ಉದ್ದದ ಬೋಲ್ಟುಗಳನ್ನು ಹಾಕಿಸಿದ.

ಇವತ್ತು ಬೆಳಿಗ್ಗೆ ಅಂಗೈಗೆ ಹರಳೆಣ್ಣೆ ಹಚ್ಚಿಕೊಳ್ಳುತ್ತಿದ್ದಾಗ ತೀರ್ಥಮ್ಮ ಗಂಜಿಯ ಬಟ್ಟಲನ್ನು ಹಾಗೇ ವಾಪಸು ತಂದಳು. "ಮಾವಯ್ಯ ಇವತ್ತೂ ಮುಟ್ಲಿಲ್ಲ ಕಣ್ರೀ. ಶುಕ್ರವಾರದಿಂದ ಇದೇ ಆಯ್ತು. ಎರಡು ಗುಟುಕು ಮಜ್ಜಿಗೆ ಬಿಟ್ರೆ ಏನೂ ಒಳಕ್ ಹೋಗಿಲ್ಲ. ಚಮಚ ಹಿಡಿದ್ರೆ ಹಲ್ಲು ಕಚ್ಕಂಡ್ ಬಿಡ್ತಾರೆ."

"ಹಟ. ಮೊದ್ಲಿಂದಾನೂ ಅಷ್ಟೇ."

"ಹಟ ಅಲ್ಲ ಅನ್ಸುತ್ತೆ. ನೀವೇ ಒಂದ್ಸಲ ಕೂತು ಕೇಳ್ರೀ. ನನ್ ಹತ್ರ ಹೇಳಲ್ಲ."

ರೈಲಿಗೆ ಹೊತ್ತಾಯಿತು ಎಂದು ಅವನು ಎದ್ದ. ಬನಿಯನ್ನು, ಚಡ್ಡಿ, ಟವೆಲ್ಲು ತುಂಬಿದ ಕೈಚೀಲ ಹಿಡಿದು ಹೊರಟಾಗ ಕೋಣೆಯ ಕಡೆ ನೋಡಲಿಲ್ಲ. ತಾನು ಬಿದ್ದದ್ದನ್ನು ನೋಡಿ ಅಸಹ್ಯಪಟ್ಟು ಮುದುಕ ಅನ್ನ ಬಿಟ್ಟಿದ್ದಾನೆ, ಇಂಥ ಮಗನ ಕೈಯ ಗಂಜಿ ಬೇಡವೆಂದು ಹಲ್ಲು ಕಚ್ಚಿದ್ದಾನೆ ಎಂದು ಸ್ಟೇಷನ್ನಿನ ದಾರಿಯುದ್ದಕ್ಕೂ ಸಿಟ್ಟು ಬೇಯಿಸಿಕೊಂಡು ನಡೆದ. ಸಿಟ್ಟಿದ್ದರೆ ತೋಳಿಗೆ ಬಲ ಬರುತ್ತದೆ ಎಂದೂ ಒಳಗೊಳಗೇ ಲೆಕ್ಕ ಹಾಕುತ್ತಿದ್ದ.

ರೈಲಿನಲ್ಲಿ ಶಿವನಿಯ ಬಸವರಾಜಪ್ಪ ಸಿಕ್ಕಿದ. ತೀರ್ಥಮ್ಮನ ದೊಡ್ಡಪ್ಪನ ಮಗ, ತೆಂಗಿನಕಾಯಿ ವ್ಯಾಪಾರಿ, ಬಾಯಿಗೆ ಬಿಡುವಿಲ್ಲದ ಮನುಷ್ಯ. ಹತ್ತು ದಿನದ ಹಿಂದೆ ಮುದುಕನನ್ನು ನೋಡಿಕೊಂಡು ಹೋಗಿದ್ದ. ಪಕ್ಕಕ್ಕೆ ಸರಿದು ಜಾಗ ಕೊಟ್ಟು, "ಬನ್ನಿ ಭಾವ. ಮಾವಯ್ಯ ಹೆಂಗವ್ರೆ?" ಎಂದ.

"ಹಂಗೇ ಅವ್ರೆ."

"ಅವರ ಕೈಲೇನೈತೆ ಬಿಡಿ. ಆದ್ರೂ ನೀವು ಭಾಳ ಮುಂದಾಲೋಚನೆ ಮಾಡಿದ್ರಿ ಭಾವ. ನಮ್ಮ ಮನೇಲಿ ಎಲ್ರಿಗೂ ಅದನ್ನೇ ಹೇಳ್ದೆ. ಜನ ಉಸ್ರು ನಿಂತ್ಮೇಲೆ ಗೂಟ ಹುಡುಕ್ತಾರೆ, ಸುತ್ತಿಗೆ ಎಲ್ಲಿ ಅಂತಾರೆ. ನೀವು ಗಟ್ಟಿ ಚೌಕಟ್ಟು ನೋಡಿ ಅಡ್ಡಸರಳು ಹಾಕ್ಸಿಟ್ರಲ್ಲ. ಮಾವಯ್ಯಂದು ಸಾಮಾನ್ಯ ದೇಹವಾ? ಮಣ್ಣಿನ ಗೋಡೇಲಿ ಗೂಟ ನಿಲ್ತಿತ್ತಾ ಹೇಳಿ?"

"ಯಾವ ಸರಳು?" ಎಂದು ಶಿವಮೂರ್ತಪ್ಪ ಕೇಳಿದ.

"ಕೋಣೆ ಬಾಗ್ಲಿಂದು. ಕೂರ್ಸಕ್ಕೆ."

ಬಸವರಾಜಪ್ಪ ಕಾಯಿಯ ಮಾತಿಗೆ ಹೋದ. ಶಿವಮೂರ್ತಪ್ಪ ಕಿಟಕಿಯ ಆಚೆ ನೋಡುತ್ತ ಕುಳಿತ. ಅವರ ಜನದಲ್ಲಿ ಸತ್ತವರನ್ನು ಮಲಗಿಸುವುದಿಲ್ಲ. ಸ್ನಾನ ಮಾಡಿಸಿ, ವಿಭೂತಿ ಹಚ್ಚಿ, ಪದ್ಮಾಸನ ಹಾಕಿಸಿ ಕೂರಿಸುತ್ತಾರೆ. ಮೈ ಮುಂದಕ್ಕೆ ಬೀಳದಂತೆ, ತಲೆ ವಾಲದಂತೆ, ಗೋಡೆಗೆ ಗೂಟ ಹೊಡೆದೋ ಬಾಗಿಲಿಗೆ ಅಡ್ಡಗೋಲು ಕಟ್ಟಿಯೋ ಬಿಳಿಯ ಬಟ್ಟೆಯಿಂದ ಕಂಕುಳಿಗೂ ಹಣೆಗೂ ಬಿಗಿಯುತ್ತಾರೆ. ಮಣ್ಣಿಗೆ ಹೋಗುವವರೆಗೆ ಹೆಣ ನೆಟ್ಟಗೆ ಕೂತಿರಬೇಕು, ಬಂದವರು ಕೈ ಮುಗಿಯಬೇಕು. ಅವನ ಅವ್ವನನ್ನೂ ಹಾಗೆಯೇ ಕೂರಿಸಿದ್ದರು. ಬಟ್ಟೆಯ ಒಂದು ತುದಿಯನ್ನು ಅವನೇ ಹಿಡಿದಿದ್ದ. ಇಡೀ ಬೀದಿಗೆ ಮೊದಲ ನೋಟಕ್ಕೇ ಹೊಳೆದದ್ದು ತನಗೆ ನಲವತ್ತು ದಿನವಾದರೂ ಹೊಳೆಯಲಿಲ್ಲವಲ್ಲ. ಹೇಗೆ ಹೊಳೆಯುತ್ತದೆ? ತನ್ನ ಗದ್ದವೊಂದನ್ನು ಬಿಟ್ಟು ಬೇರೇನನ್ನೂ ಅವನು ಯೋಚಿಸಿರಲಿಲ್ಲ. ಹನುಮಂತಪ್ಪ ಮಂಚದ ಕಡೆ ನೋಡಿದ್ದು, ಕೂತರೆ ಇದೇ ಎತ್ತರ ಸರಿ ಎಂದದ್ದು, ಎದುರುಮನೆಯ ಜಯಲಕ್ಷ್ಮಮ್ಮ ಬಂದು ಸರಳು ಮುಟ್ಟಿ ತೀರ್ಥಮ್ಮನ ಭುಜ ಸವರಿ ಹೋದದ್ದು, ಎಲ್ಲ ಈಗ ಅರ್ಥವಾಯಿತು. ಒಬ್ಬ ಆಳಿನ ಭಾರ ಎಂದು ತಾನೇ ಹೇಳಿದ್ದ, ಹೊಸ್ತಿಲ ಮೇಲೆ ನಿಂತು, ಅಪ್ಪನ ಕಿವಿಗೆ ಬೀಳುವಂತೆ. ಮಾತು ದಪ್ಪಗಾಗಿತ್ತೇ ಹೊರತು ಅಪ್ಪನ ಕಿವಿಗೆ ಏನೂ ಆಗಿರಲಿಲ್ಲ.

ಬೀರೂರು ಬಂದು ಹೋಯಿತು. ನಲವತ್ತು ದಿನ ಬೆಳಿಗ್ಗೆ ಕಣ್ಣು ಬಿಟ್ಟರೆ ಮಗ ಎದುರಿಗೆ ನಿಂತು, ತನ್ನನ್ನು ಕಟ್ಟುವ ಸರಳನ್ನು ಜಗ್ಗಿ ಜಗ್ಗಿ ಪರೀಕ್ಷೆ ಮಾಡುವುದನ್ನು ಆ ಮನುಷ್ಯ ನೋಡಿದ್ದಾನೆ. ಎದ್ದು ಹೋಗುವ ಹಾಗಿಲ್ಲ, ಮಗ್ಗುಲು ತಿರುಗುವ ಹಾಗಿಲ್ಲ. ಅದಕ್ಕೇ ಅನ್ನ ಬಿಟ್ಟಿದ್ದಾನೆ. ಬೇಗ ಹೋಗು ಎಂದು ನೀನು ಹೇಳಿದ ಮೇಲೆ ಹೋಗುತ್ತೇನೆ ಎಂದು. ಶಿವಮೂರ್ತಪ್ಪನಿಗೆ ಮುಂದಿನ ಸ್ಟೇಷನ್ನಿನಲ್ಲಿ ಇಳಿದು ವಾಪಸು ಓಡಬೇಕೆನಿಸಿತು. ಕೈಚೀಲ ಹಿಡಿದು ಎದ್ದೂ ನಿಂತ. ಮುಂದಿನ ಸ್ಟೇಷನ್ನು ಕಡೂರೇ ಆಗಿತ್ತು. ಇಳಿದವನು ಪರೀಕ್ಷೆಯ ಬಯಲಿನ ಕಡೆಗೇ ನಡೆದ. ಕಾಲುಗಳು ಆ ಕಡೆಗೇ ಹೋದವು, ಅವನು ತಡೆಯಲಿಲ್ಲ ಎಂಬುದು ನಿಜ.

ಬಯಲಿನಲ್ಲಿ ಇಪ್ಪತ್ತಮೂರು ಜನ ಡ್ರಿಲ್ ಮೇಷ್ಟ್ರುಗಳಿದ್ದರು. ಬೊಜ್ಜಿನವರು, ಬಕ್ಕತಲೆಯವರು, ಸಿಂಗಟಗೆರೆ ಕಡೆಯಿಂದ ಬಂದಿದ್ದ ಕೆಮ್ಮಿನ ಒಬ್ಬರು. ಎಲ್ಲರೂ ಹೊಸದಾಗಿ ಬಿಳುಪು ಬಳಿದ ಬೂಟು ತೊಟ್ಟು, ಒಬ್ಬರನ್ನೊಬ್ಬರು ನೋಡದೆ ತೋಳು ತಿರುಗಿಸುತ್ತಿದ್ದರು. ನಡುವೆ ಎರಡು ಕಂಬ ನೆಟ್ಟು ಬಾರು ಹಾಕಿತ್ತು. ಶಿವಮೂರ್ತಪ್ಪ ಅದರ ದಪ್ಪವನ್ನು ಕಣ್ಣಿನಲ್ಲೇ ಅಳೆದ. ಒಂದಂಗುಲ. ಇಂಥ ಹೊತ್ತಿನಲ್ಲೂ ಮನಸ್ಸು ಹಗುರಾಯಿತಲ್ಲ ಎಂದು ತನ್ನ ಮೇಲೆ ತನಗೇ ಹೇಸಿಗೆಯಾಯಿತು. ಹನ್ನೊಂದಕ್ಕೆ ಬರಬೇಕಾಗಿದ್ದ ಆಫೀಸರು ಒಂದೂವರೆಗೆ ಜೀಪಿನಲ್ಲಿ ಬಂದರು. ಇಳಿಯುವಾಗಲೇ ಗಡಿಯಾರ ನೋಡಿದರು. ಎರಡು ಗಂಟೆಗೆ ಇನ್ನೆಲ್ಲೋ ಸಭೆ, ಹಾರ ತುರಾಯಿ. ಸಾಲನ್ನು ಒಮ್ಮೆ ನೋಡಿ, "ಎಲ್ಲರೂ ಸರ್ವಿಸ್ ಆದವರು. ಮಾಡಬಲ್ಲಿರಿ ತಾನೆ?" ಎಂದರು. ಇಪ್ಪತ್ತಮೂರು ಜನ ಒಟ್ಟಿಗೆ "ಹೌದು ಸಾರ್" ಎಂದರು. "ಹಾಗಾದ್ರೆ ಸಹಿ ಹಾಕಿ, ಹೊರಡಿ." ಗುಮಾಸ್ತ ಕಾಗದ ಹರಡಿ ಮೊದಲ ಹೆಸರಿನ ಮುಂದೆ ಐದು ಎಂದು ಬರೆದು, ಅದರ ಕೆಳಗೆ ಕೊನೆಯವರೆಗೂ ಒಂದೇ ಗೀಟು ಎಳೆದ.

ಶಿವಮೂರ್ತಪ್ಪನ ಸರದಿ ಬಂದಾಗ ಅವನು ಪೆನ್ನು ಹಿಡಿಯಲಿಲ್ಲ. "ಸಾರ್, ನಾನು ಮಾಡಿ ತೋರಿಸ್ತೀನಿ" ಎಂದ.

ಆಫೀಸರು ಆಗಲೇ ಜೀಪಿನಲ್ಲಿ ಒಂದು ಕಾಲಿಟ್ಟಿದ್ದರು. "ಬೇಡ್ರೀ, ನಂಬಿಕೆ ಇದೆ."

"ಒಂದೇ ನಿಮಿಷ ಸಾರ್."

"ಏನ್ ಮೇಷ್ಟ್ರೇ, ನಮ್ಮೆಲ್ಲರ ಹೊಟ್ಟೆ ಮೇಲೆ ಹೊಡೀಬೇಕು ಅಂತಿದೀರಾ?" ಎಂದು ಹಿಂದಿನಿಂದ ಯಾರೋ ಪಿಸುಗುಟ್ಟಿದರು. ಜೀಪು ಹೋಯಿತು. ಸಹಿ ಹಾಕಿದ. ಉಳಿದವರು ಹಬ್ಬ ಮುಗಿಸಿದವರಂತೆ ಗಟ್ಟಿಯಾಗಿ ಮಾತಾಡುತ್ತ ಹೋಟೆಲಿನ ಕಡೆ ಹೊರಟರು, ಅವನನ್ನು ಕರೆಯಲಿಲ್ಲ. ಕೆಲಸ ಉಳಿದಿತ್ತು. ಬಾರು ಮುಟ್ಟಬೇಕಾದ ಪ್ರಮೇಯವೇ ಬರಲಿಲ್ಲ. ಈ ಸಹಿಯೊಂದನ್ನು ಮಾಡುವುದಕ್ಕೆ ನಲವತ್ತು ದಿನ ಅಪ್ಪನ ಕಣ್ಣೆದುರಿಗೆ ಅವನ ಸಾವನ್ನು ಜಗ್ಗಿದ್ದೆನೇ ಎಂದು ನೆನೆದಾಗ ನಗು ಬಂತು.

ವಾಪಸು ರೈಲಿನಲ್ಲಿ ಹೇಳಬೇಕಾದ ಮಾತನ್ನು ಜೋಡಿಸಿಕೊಂಡ. ಎರಡೇ ಮಾತು. ಅಪ್ಪಾ, ಅದು ನಿನಗಲ್ಲ, ನನಗೆ. ನನ್ನ ಮೈ ನಾನೇ ಎತ್ತಲಾರದವನಾಗಿದ್ದೆ, ಕದ್ದು ಕಲಿಯುತ್ತಿದ್ದೆ. ಮೊದಲನೆಯ ಮಾತು ಸುಲಭವಾಗಿತ್ತು. ಎರಡನೆಯದನ್ನು ಹೇಳದೆ ಮೊದಲನೆಯದನ್ನು ಮಾತ್ರ ಹೇಳಿ ಮುಗಿಸಬಹುದೇ ಎಂದು ಹಿಂದೆಮುಂದೆ ತಿರುಗಿಸಿ ನೋಡಿದ. ಆಗುವುದಿಲ್ಲ. ನಿನಗೇಕೆ ಸರಳು ಎಂದು ಅಪ್ಪ ಕೇಳಿಯೇ ಕೇಳುತ್ತಾನೆ. ಹದಿನಾರು ವರ್ಷ ನಿನ್ನ ಹೆಸರಿನ ಮೇಲೆ ಸಂಬಳ ತಿಂದೆ ಎಂದು ಒಪ್ಪಿಕೊಳ್ಳಬೇಕು. ಒಪ್ಪಿಕೊಳ್ಳುತ್ತೇನೆ, ಗಂಜಿ ಕುಡಿಯಲಿ, ಛೇ ಎನ್ನಲಿ, ಇದು ಎನ್ನಲಿ ಎಂದು ಗಟ್ಟಿಮಾಡಿಕೊಂಡ. ಅಜ್ಜಂಪುರದಲ್ಲಿ ಇಳಿದಾಗ ಇನ್ನೂ ಬಿಸಿಲಿತ್ತು. ಮನೆಗೆ ಬಂದು ಕಾಲು ತೊಳೆದವನೇ ನೇರವಾಗಿ ಕೋಣೆಗೆ ಹೋದ. ಉಳಿದವರೆಲ್ಲ ಸರಳಿಗೆ ತಲೆ ಬಗ್ಗಿಸಿ ಒಳಗೆ ಹೋಗಬೇಕಾಗಿತ್ತು. ಅವನು ನೆಟ್ಟಗೇ ಹೋದ, ಸರಳು ನೆತ್ತಿಗೆ ತಾಗಲಿಲ್ಲ.

ಐದು ದಿನದಲ್ಲಿ ಅಪ್ಪನ ಕೆನ್ನೆ ಒಳಕ್ಕೆ ಹೋಗಿತ್ತು. ಬಾಯಿಯ ಒಂದು ಮೂಲೆಯಿಂದ ಬರುವ ಮಾತನ್ನು ಕಿವಿಗೊಟ್ಟು ಹಿಡಿಯಬೇಕು. "ಬಂದ್ಯಾ?"

"ಹೂಂ."

"ಬಟ್ಟೆ ತಂದ್ಯಾ ಕಡೂರಿಂದ?" ಸರಿಯಿದ್ದ ಕೈಯನ್ನು ಕೈಚೀಲದ ಕಡೆ ತೋರಿಸಿದ. ಶಿವಮೂರ್ತಪ್ಪ ಬಾಯಿ ತೆರೆಯುವಷ್ಟರಲ್ಲಿ, "ಈಗ್ಲೇ ತೋರಿಸ್ಬೇಡ ಬಿಡು. ಬಿಳೀದ್ ತಾನೆ?" ಎಂದ.

"ಅಪ್ಪಾ, ಆ ಸರಳು..."

"ಗೊತ್ತು ಕಣೋ. ಕೂತ್ಕ."

ಅವನು ಮಂಚದ ಅಂಚಿಗೆ ಕೂತ. ಕಣೋ ಎಂದಿದ್ದ ಅಪ್ಪ. ಇದು ಎಂದಿರಲಿಲ್ಲ.

"ಮೊದ್ಲು ಸಿಟ್ಟು ಬಂತು. ಉಸ್ರಾಡ್ತಿರೋವಾಗ್ಲೇ ಹಾಕ್ಸಿದ್ನಲ್ಲಾ ಅಂತ. ಆಮೇಲೆ ನೋಡ್ದೆ. ದಿನಾ ನೀನೇ ಜೋತ್ಬಿದ್ದು ಜಗ್ತೀಯ. ಕೈ ಕಿತ್ತೋದ್ರೂ ಬಿಡಲ್ಲ." ಉಸಿರು ಎಳೆದುಕೊಂಡ. "ನಮ್ಮಪ್ಪಂಗೆ ಗೂಟ ಹೊಡ್ದೋನು ನಾನು. ಊರಿಗೆಲ್ಲಾ ಪೈಲ್ವಾನ. ಒಂದು ಗೂಟ ನೆಟ್ಟಗೆ ಹೊಡ್ಯಕ್ಕೆ ಬರ್ಲಿಲ್ಲ. ಭಜನೆ ಮಧ್ಯ ಕಿತ್ಕಂಡ್ ಬಂತು. ಮುದುಕ ಮುಖ ಅಡಿಯಾಗಿ ಬಿದ್ದ. ಹುಡುಗ್ರು ನಕ್ಕುಬಿಟ್ರು ಕಣೋ. ಆ ನಗು ಇನ್ನೂ ಕೇಳ್ತದೆ ನಂಗೆ."

ಶಿವಮೂರ್ತಪ್ಪ ತಲೆ ತಗ್ಗಿಸಿ ಅಂಗೈಯ ಗುಳ್ಳೆ ನೋಡಿಕೊಂಡ.

"ಶುಕ್ರವಾರ ಬಿತ್ತಲ್ಲ. ನಿನ್ ಮೈಗೇ ಕಿತ್ತು ಬಿತ್ತು. ನಂದು ನಿನ್ನ ಎರಡರಷ್ಟು. ಅದಕ್ಕೇ ಗಂಜಿ ಬಿಟ್ಟೆ. ಒಂದಿಷ್ಟು ಹಗುರಾಗಾನ ಅಂತ."

ಈಗ ಹೇಳಬೇಕು, ಈಗಲೇ ಎಂದುಕೊಂಡ. ರೈಲಿನಲ್ಲಿ ಜೋಡಿಸಿದ್ದ ಎರಡು ಮಾತೂ ನಾಲಿಗೆಯ ತುದಿಗೆ ಬಂದವು. ಅಪ್ಪ ಸರಿಯಿದ್ದ ಕೈಯನ್ನು ಎತ್ತಿ ಮಗನ ತೋಳಿನ ಮೇಲೆ ಇಟ್ಟ. ನಲವತ್ತು ದಿನದಲ್ಲಿ ಅಲ್ಲಿ ಒಂದಿಷ್ಟು ಸ್ನಾಯು ಕಟ್ಟಿತ್ತು. ಅದನ್ನು ಬೆರಳಿನಿಂದ ಒತ್ತಿ ನೋಡಿದ, ಗರಡಿಯಲ್ಲಿ ಭುಜ ಒತ್ತಿದ್ದ ಅದೇ ಬೆರಳು. "ನಿನ್ ಒಳಗೆ ಇಷ್ಟು ಗಟ್ಟಿ ಐತೆ ಅಂತ ನಂಗೆ ಗೊತ್ತಿರ್ಲಿಲ್ಲ ಕಣೋ" ಎಂದ. ಈ ಒಂದು ಮಾತಿಗೆ ಶಿವಮೂರ್ತಪ್ಪ ಮೂವತ್ತು ವರ್ಷ ಕಾದಿದ್ದ. ಕಾಯುತ್ತಿದ್ದೇನೆ ಎಂಬುದು ಅವನಿಗೂ ತಿಳಿದಿರಲಿಲ್ಲ. ಈಗ ನಿಜ ಹೇಳಿದರೆ ಆ ಕೈ ತೋಳಿನಿಂದ ಕೆಳಗಿಳಿಯುತ್ತದೆ. ಅವನು ಮಾತು ನುಂಗಿದ. ಅಪ್ಪನಿಗೆ ಸಮಾಧಾನವಾಗಲಿ ಎಂದು ನುಂಗಿದೆ ಎಂದು ಹೇಳಿಕೊಳ್ಳಲು ನೋಡಿದ, ಅದು ಸುಳ್ಳು ಎಂದು ಅಲ್ಲೇ ಗೊತ್ತಾಯಿತು.

"ಈಗ ತಡೀತದಾ?" ಎಂದ ಅಪ್ಪ.

"ತಡೀತದೆ."

"ನನ್ ಭಾರ?"

"ಹೂಂ, ಅಪ್ಪಾ."

"ತೋರ್ಸು."

ಶಿವಮೂರ್ತಪ್ಪ ಎದ್ದು ಅಂಗಿ ಬಿಚ್ಚಿ ಹೊಸ್ತಿಲ ಮೇಲೆ ನಿಂತು ಸರಳು ಹಿಡಿದ. ಒಡೆದ ಗುಳ್ಳೆ ಉರಿಯಿತು. ಮೊಣಕಾಲು ಮಡಿಸಿ ಎಳೆದ. ಒಂದು. ಅಪ್ಪನ ಕಣ್ಣು ಸರಳಿನ ಎರಡು ತುದಿಗಳ ಬೋಲ್ಟಿನ ಮೇಲಿತ್ತು, ಅವು ಅಲುಗುತ್ತವೆಯೋ ಎಂದು. ಎರಡು. ಮೂರು. ನಾಲ್ಕನೆಯದಕ್ಕೆ ತೋಳು ನಡುಗಿತು, ಆದರೂ ಗದ್ದ ದಾಟಿತು, ಮೂಗಲ್ಲ, ಗದ್ದವೇ. ಐದನೆಯದಕ್ಕೆ ಕಣ್ಣು ಮುಚ್ಚಿ ಹಲ್ಲು ಕಚ್ಚಿ ಎಳೆದ. ಬೆಳಿಗ್ಗೆಯಿಂದ ಒಳಗೆ ಸೇರಿದ್ದ ನಾಚಿಕೆಯೆಲ್ಲ ತೋಳಿಗೆ ಇಳಿಯಿತೋ ಏನೋ, ಮೈ ಮೇಲಕ್ಕೆ ಬಂತು, ಕುತ್ತಿಗೆ ಸರಳನ್ನು ಮುಟ್ಟಿತು. ಐದು. ಇಷ್ಟು ದಿನ ಆಗದಿದ್ದದ್ದು ಆಗಿತ್ತು. ಅವನಿಗೆ ಹೆಮ್ಮೆಯಾಯಿತು. ಹೆಮ್ಮೆಯಾಯಿತಲ್ಲ ಎಂದು ಅಳು ಬಂತು.

"ಅಳ್ಬೇಡ. ಎಲ್ರೂ ಹೋಗೋರೇ" ಎಂದ ಅಪ್ಪ. ನಂತರ ತೃಪ್ತಿಯಿಂದ ತಲೆದಿಂಬಿಗೆ ಒರಗಿ ಹೊರಗಿನವರಿಗೂ ಕೇಳುವಂತೆ ಗಂಟಲೆತ್ತಿದ. "ತೀರ್ಥಮ್ಮಾ, ಗಂಜಿ ತಾರಮ್ಮ."

ಅವಳು ಬಟ್ಟಲು ಹಿಡಿದು ಓಡಿಬಂದು ಬಾಗಿಲಲ್ಲಿ ನಿಂತಳು. ಗಂಡನ ಮೈ ದಾರಿಗೆ ಅಡ್ಡ ಜೋತಾಡುತ್ತಿತ್ತು. "ಇಳೀರಿ, ಹಸ್ಕಂಡವ್ರೆ" ಎಂದಳು. ಅವನು ಇಳಿದು ಬಟ್ಟಲನ್ನು ತಾನೇ ಇಸಿದುಕೊಂಡು ಮಂಚದ ಬಳಿ ಕೂತ. ಅಪ್ಪ ಬಾಯಿ ತೆರೆದ. ಐದು ದಿನದ ಹಸಿವು ಒಂದೇ ಸಲ ಕುಡಿಯಿತು. ಬಿದ್ದುಹೋದ ಕಡೆಯ ತುಟಿಯಿಂದ ಗಂಜಿ ಇಳಿದು ಎದೆಯ ಮೇಲೆ ಹರಿಯುತ್ತಿತ್ತು. ಶಿವಮೂರ್ತಪ್ಪ ಅದೇ ಕೈಚೀಲದಿಂದ ಟವೆಲ್ಲು ತೆಗೆದು ಒರೆಸಿದ.